ಕತ್ತಿಯ ಜಯಕೇತು, ಭರ್ಜಿಯ ವಜ್ರಸೇನ ಮತ್ತು ನನ್ನ ಮದುವೆ

ನಿಜವಾಗಿ ಇರುವ ಮನುಷ್ಯರ ಪರವಾಗಿ ಜಗಳಕ್ಕೆ ನಿಂತರೆ, ನಾಳೆ ಅವರವರೇ ರಾಜಿಯಾಗಿ ನಮ್ಮನ್ನು ಪೆದ್ದರನ್ನಾಗಿ ಮಾಡುತ್ತಾರೆ. ಸಿನಿಮಾದ ವೀರರಿಂದ ಆ ಭಯವಿಲ್ಲ. ಗುಂಡ್ಲುಪೇಟೆಯಲ್ಲಿ ಗುಮಾಸ್ತನಾಗಿದ್ದ ಆ ದಿನಗಳಲ್ಲಿ ನನ್ನ ಶಕ್ತಿಯನ್ನೆಲ್ಲ ವಜ್ರಸೇನನಿಗೇ ಮೀಸಲಿಟ್ಟಿದ್ದೆ. ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ಅವನು ಭರ್ಜಿ ಹಿಡಿದು ಕೋಟೆಯ ಮೆಟ್ಟಿಲಿಳಿದನೆಂದರೆ, ನೆಲದಲ್ಲಿ ಕೂತವರೆಲ್ಲ ಎದ್ದು ನಿಂತು ಕೂಗುತ್ತಿದ್ದೆವು. ಅಬ್ಬಾ, ಆ ಬೀಸು! ಚಾಮರಾಜನಗರದ ಟೆಂಟಿನಲ್ಲಿ ಓಡುತ್ತಿದ್ದದ್ದು ಬೇರೆ ಚಿತ್ರ. ಅವರ ಪಾಲಿನ ದೇವರು ಕತ್ತಿಯ ಜಯಕೇತು. ನಾವು ಅವನನ್ನು ನೋಡಿರಲಿಲ್ಲ, ಅವರು ಇವನನ್ನು ನೋಡಿರಲಿಲ್ಲ. ವಾದಕ್ಕೆ ಇದಕ್ಕಿಂತ ಅನುಕೂಲ ಬೇಕೆ? ನಡುದಾರಿಯ ತೆರಕಣಾಂಬಿಯಲ್ಲಿ ಎರಡೂ ಊರಿನ ಬಸ್ಸು ಎದುರುಬದುರು ನಿಂತರೆ ಸಾಕು, ಕಿಟಕಿಯಿಂದ ಕಿಟಕಿಗೆ ಯುದ್ಧ ಶುರುವಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ನನ್ನ ಮನಸ್ಸು ಚಾಮರಾಜನಗರದ ಹೆಣ್ಣಿನ ಮೇಲೆ ಹೋಗಬೇಕೆ! ಗೌರಿಯನ್ನು ಹರವೆಯ ಒಂದು ಮದುವೆಯಲ್ಲಿ ಕಂಡಿದ್ದೆ. ಅವಳನ್ನು ಬಿಟ್ಟು ಬೇರೆ ಯಾರೂ ಬೇಡವೆಂದು ಹಟ ಹಿಡಿದು, ಸೋದರಮಾವನನ್ನು ಹೊರಡಿಸಿಕೊಂಡು ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋದೆ. "ಉಪ್ಪಿಟ್ಟು ತಿನ್ನಾಕೆ ಬಿಟ್ರೆ ಬಾಯ್ ತೆಗೀಬ್ಯಾಡ ಕಣ್ಲಾ," ಎಂದು ಮಾವ ದಾರಿಯುದ್ದಕ್ಕೂ ಹೇಳಿದ್ದರು. ಬಾಯಿ ತೆಗೆಯದೆಯೇ ಇದ್ದೆ. ಆದರೆ ಗೌರಿಯ ತಂದೆ, ವೀಳ್ಯದೆಲೆ ಮಂಡಿಯ ಪುಟ್ಟಮಾದಪ್ಪನವರು, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು, "ನಿಮ್ಮೂರಲ್ಲಿ ಅದ್ಯಾವನೋ ಭರ್ಜಿ ಹಿಡ್ಕೊಂಡು ಕುಣೀತಾನಂತಲ್ಲಪ್ಪ!" ಎಂದುಬಿಟ್ಟರು.

ಕುಣಿಯುತ್ತಾನೆ! ನನ್ನ ವಜ್ರಸೇನ! ಮಾವ ನನ್ನ ತೊಡೆ ಚಿವುಟಿದರು. ಅದು ನನ್ನನ್ನು ಹುರಿದುಂಬಿಸಿದ ಹಾಗಾಯಿತು.

"ಭರ್ಜಿ ದೂರದಿಂದ ಎದರ್ಸಕ್ಕೆ ಸರಿ. ಅತ್ರ ನುಗ್ಗುದ್ರೆ ಅದು ಬರೀ ಕೋಲು ಕಣಪ್ಪ," ಎಂದರು ಪುಟ್ಟಮಾದಪ್ಪನವರು.

"ಅತ್ರ ಬರಾಕೆ ಬುಡ್ಬೇಕಲ್ಲ, ಸಾವ್ಕಾರ್ರೆ!"

ಅವರು ಗೋಡೆಗೆ ನೇತುಹಾಕಿದ್ದ ಕೊಡೆಯನ್ನು ಕತ್ತಿ ಮಾಡಿಕೊಂಡರು. ನಾನು ಅಡುಗೆಮನೆಯ ಬಾಗಿಲಲ್ಲಿ ಒರಗಿಸಿದ್ದ ಮುದ್ದೆ ತಿರುವುವ ಕೋಲನ್ನು ಎತ್ತಿಕೊಂಡೆ. ಹೆಣ್ಣು ನೋಡಲು ಬಂದವನು ಭಾವೀ ಮಾವನ ಎದೆಗೆ ಮುದ್ದೆಕೋಲು ಗುರಿಯಿಟ್ಟು ನಿಂತ ದೃಶ್ಯ ನಮ್ಮ ಸೀಮೆಯಲ್ಲಿ ಅದೇ ಮೊದಲಿರಬೇಕು. ಕೊಡೆ ಬಿಚ್ಚಿಕೊಂಡಿತು, ಉಪ್ಪಿಟ್ಟು ಚೆಲ್ಲಿತು. "ಸೋತೆ ಅನ್ನು, ಹೆಣ್ ಕೊಡ್ತೀನಿ!" ಎಂದು ಅವರು ಏದುಸಿರು ಬಿಟ್ಟರು. ಗೌರಿಗಾಗಿ ಆ ಒಂದು ಮಾತು ಹೇಳಬಹುದಿತ್ತು. ಆದರೆ ವಜ್ರಸೇನ ಸೋತನೆಂದು ಹೇಗೆ ಹೇಳಲಿ? "ಆಗಕಿಲ್ಲ," ಎಂದೆ.

ಕಾಫಿಯ ಲೋಟ ಹಿಡಿದು ಬಂದಿದ್ದ ಗೌರಿ ಬಾಗಿಲಲ್ಲೇ ನಿಂತಿದ್ದಳು. "ಅಪ್ಪಾ, ನಾನು ಗುಂಡ್ಲುಪೇಟೆ ಚಿಕ್ಕಮ್ಮನ ಮನೇಗೋದಾಗ ಅದನ್ನೂ ನೋಡಿವ್ನಿ," ಎಂದಳು. ಎರಡನ್ನೂ ನೋಡಿದವಳು ಆ ಮನೆಯಲ್ಲಿ ಅವಳೊಬ್ಬಳೇ! ನಾವಿಬ್ಬರೂ ಆಯುಧ ಇಳಿಸಿ ತೀರ್ಪಿಗೆ ಕಾದೆವು. ಅವಳು ನನ್ನ ಕಡೆ ತಿರುಗಿ, "ಕೊನೇಲಿ ಭರ್ಜಿ ಮುರಿದೋಯ್ತಲ್ಲ, ಆಗ ನಿಮ್ ವಜ್ರಸೇನನ ಕೈಗೆ ಕತ್ತಿ ತಂದ್ಕೊಟ್ಟೋರು ಯಾರು?" ಎಂದಳು.

ನಾನು ಆ ಚಿತ್ರವನ್ನು ಎಷ್ಟು ಸಲ ನೋಡಿದ್ದರೂ ಭರ್ಜಿಯ ತುದಿಯನ್ನು ಬಿಟ್ಟು ಬೇರೇನೂ ಕಂಡಿರಲಿಲ್ಲ.

"ಅವನ ಎಂಡ್ತಿ," ಎಂದವಳೇ ಲೋಟ ನನ್ನ ಮುಂದಿಟ್ಟು ತಂದೆಗೆ, "ನಂಗೊಪ್ಗೆ ಕಣಪ್ಪ. ಇಡುದ್ದನ್ನ ಬುಡಾಕಿಲ್ಲ ಇವ್ರು. ಪಕ್ದಲ್ಲಿ ಏನ್ ನಡೀತೈತೆ ಅಂತಾನೂ ಕಾಣಾಕಿಲ್ಲ. ಇಂಥೋರ ಜೊತೆ ಬಾಳದು ಸಲೀಸು," ಎಂದಳು.

ವಜ್ರಸೇನನ ಅಭಿಮಾನಿಗೆ ಸಿಕ್ಕ ಹೊಗಳಿಕೆಯೆಂದು ಈ ಮಾತನ್ನು ಮದುವೆಯಾದ ಮೇಲೂ ಕಚೇರಿಯಲ್ಲಿ ಎಲ್ಲರಿಗೂ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ. ಅವರು ಯಾಕೆ ನಗುತ್ತಿದ್ದರೆಂದು ನನಗೆ ಹೊಳೆದದ್ದು ಮೊನ್ನೆ.