ಸೈರನ್ ಲೈನಿನ ರಾಗಿ ಮಿಲ್ಲು

ಅಣುಸ್ಥಾವರದಿಂದ ಅಪಾಯವುಂಟು ಎಂಬುದನ್ನು ಇಲಾಖೆ ಎಂದೂ ಮುಚ್ಚಿಟ್ಟಿರಲಿಲ್ಲ. ಸದರಿ ಅಪಾಯವು ನಿಯಮಾನುಸಾರವಾಗಿಯೇ ಸಂಭವಿಸುವುದೆಂದು ಮಾತ್ರ ಭರವಸೆ ಕೊಟ್ಟಿತ್ತು.

ಆ ವರ್ಷಗಳಲ್ಲಿ ರಾಮನಗರದ ಆಸುಪಾಸಿನಲ್ಲಿ ಕಾರ್ಖಾನೆಗಳು ಎದ್ದಂತೆಲ್ಲ ಹೊಂಗೆದೊಡ್ಡಿಯ ಕರೆಂಟು ಅತ್ತ ಕಡೆ ಕೆಲಸಕ್ಕೆ ಹೋಗಿಬಿಟ್ಟಿತ್ತು. ಮುನಿಯಮ್ಮನ ರಾಗಿ ಮಿಲ್ಲಿನ ಮುಂದೆ ಮೂಟೆಗಳು ದಿನಗಟ್ಟಲೆ ಕೂತಿರುತ್ತಿದ್ದವು. ಗಂಡ ಸತ್ತ ಮೇಲೆ ಆ ಮಿಲ್ಲೇ ಅವಳ ಅನ್ನ. ಹಾಗಿದ್ದೂ ಊರ ಹಿಂದಿನ ಗುಡ್ಡದಾಚೆ ಅಣುಸ್ಥಾವರ ಬರುವುದೆಂದು ಸಭೆ ಕರೆದಾಗ ಬಾಯಿಬಿಟ್ಟವಳು ಅವಳೊಬ್ಬಳೇ.

"ಏನಾರ ಹೆಚ್ಚುಕಮ್ಮಿ ಆದ್ರೆ ನಮ್ ಗತಿ ಏನ್ ಸ್ವಾಮಿ? ಮನೇಲಿ ಮೊಮ್ಮಗಳು ಪುಟ್ಟಿ ಅವ್ಳೆ."

ಸುರಕ್ಷತಾಧಿಕಾರಿ ನಟರಾಜು ಕನ್ನಡಕ ಒರೆಸಿಕೊಂಡರು. "ಹೆಚ್ಚುಕಮ್ಮಿಯಾದ ಕೂಡಲೇ ಸೈರನ್ ಕೂಗುತ್ತದಮ್ಮ."

"ಕರೆಂಟ್ ಇಲ್ದಾಗ ಆದ್ರೆ?"

ಅಧಿಕಾರಿಗಳು ತಮ್ಮತಮ್ಮಲ್ಲೇ ಚರ್ಚಿಸಿದರು. ಕರೆಂಟಿಲ್ಲದ ವೇಳೆ ಅಪಘಾತವನ್ನು ನಿಷೇಧಿಸಬಹುದೆಂದು ಒಬ್ಬರು ಸೂಚಿಸಿದರು. ಕೊನೆಗೆ ಸೈರನ್ನಿಗೆಂದೇ ಯಾವತ್ತೂ ಹೋಗದ ತ್ರೀಫೇಸ್ ಲೈನ್ ಎಳೆಯುವುದೆಂದು ತೀರ್ಮಾನವಾಯಿತು. ಸ್ಥಾವರ ಎದ್ದಿತು. ಸೈರನ್ ಕಂಬ ಮಿಲ್ಲಿನ ಪಕ್ಕದಲ್ಲೇ ಎದ್ದಿತು.

ಮುನಿಯಮ್ಮ ಆ ಲೈನಿಗೆ ಒಂದು ತಂತಿ ಸಿಕ್ಕಿಸಿದಳು. ತಪ್ಪೆಂದು ಗೊತ್ತಿತ್ತು, ಆದರೆ ಮೂಟೆ ಹೊತ್ತು ಬಂದವರನ್ನು ಬರಿಗೈಲಿ ಕಳಿಸಿ ಕಳಿಸಿ ಸಾಕಾಗಿತ್ತು. ಮಿಲ್ಲು ಹಗಲೆಲ್ಲ ಓಡಿತು. ಸುದ್ದಿ ಕೇಳಿದ್ದೇ ತಡ, ಪಕ್ಕದ ಕಲ್ಲುದೊಡ್ಡಿಯ ಬೋರಲಿಂಗಯ್ಯ ಜನ ಕಟ್ಟಿಕೊಂಡು ಬಂದು ರಸ್ತೆ ತಡೆದ.

"ಅವ್ರಿಗೆ ಮಾತ್ರ ಅಪಾಯ ಕೊಟ್ಟು ನಮ್ಮನ್ನ ಕೈಬುಟ್ಟವ್ರೆ! ನಾವೇನು ಸಾಯಕ್ಕೂ ಲಾಯಕ್ಕಿಲ್ವಾ?"

ಇಲಾಖೆ ಸಹಾನುಭೂತಿಯಿಂದ ಪರಿಶೀಲಿಸಿ ಸುತ್ತಲ ಊರುಗಳಿಗೆಲ್ಲ ಅಪಾಯ ವಲಯವನ್ನೂ ಅದರೊಂದಿಗೆ ಸೈರನ್ ಲೈನನ್ನೂ ವಿಸ್ತರಿಸಿತು. ಕಲ್ಲುದೊಡ್ಡಿಯಲ್ಲಿ ಪಟಾಕಿ ಹೊಡೆದರು.

ತೊಡಕಾದದ್ದು ತಪಾಸಣೆಯ ದಿನ. ನಟರಾಜು ಸೈರನ್ ಒತ್ತಿದರು. ಮಿಲ್ಲೂ ಓಡುತ್ತಿದ್ದುದರಿಂದ ಫ್ಯೂಸು ಹಾರಿತು. ಅವರ ಕಣ್ಣು ತಂತಿಯ ಮೇಲೆ ಬಿತ್ತು. ಮುನಿಯಮ್ಮ ಮಿಲ್ಲಿನ ಬಾಗಿಲಿಗೆ ಅಡ್ಡ ನಿಂತಳು.

"ಬೀಗ ಹಾಕ್ಬ್ಯಾಡಿ ಸ್ವಾಮಿ, ನಾನೇ ತಂತಿ ಕಿತ್ತಾಕ್ತೀನಿ."

"ಅದೆಂಗಾಯ್ತದೆ?" ನೆರೆದವರು ಮುಗಿಬಿದ್ದರು. "ಸೈರನ್ನೇ ಕಿತ್ಕೊಂಡೋಗಿ ಸಾ. ನಾವು ರಾಗಿ ಬೀಸಿಸ್ಬ್ಯಾಡ್ವಾ?"

ಸಂಜೆಯೊಳಗೆ ಪ್ರಕಟಣೆ ಹೊರಟಿತು: "ಸೈರನ್ನೇ ಅಡಚಣೆಗೆ ಮೂಲವೆಂದು ಕಂಡುಬಂದಿರುವುದರಿಂದ ಅದನ್ನು ತೆರವುಗೊಳಿಸಲಾಗಿದೆ. ಅಪಾಯ ಸಂಭವಿಸಿದಲ್ಲಿ ಶ್ರೀಮತಿ ಮುನಿಯಮ್ಮನವರು ಮಿಲ್ಲನ್ನು ನಿಲ್ಲಿಸತಕ್ಕದ್ದು. ಸದ್ದು ನಿಂತದ್ದನ್ನೇ ಸಾರ್ವಜನಿಕರು ಎಚ್ಚರಿಕೆಯೆಂದು ತಿಳಿದು ಓಡತಕ್ಕದ್ದು."

ಮಾರನೆಯ ದಿನ ಮುನಿಯಮ್ಮ ಊಟಕ್ಕೆಂದು ಮಿಲ್ಲು ನಿಲ್ಲಿಸಿದಳು. ಅರ್ಧ ಊರು ದನಕರು ಸಮೇತ ದೂರದ ಕೂಟಗಲ್ಲಿನವರೆಗೂ ಓಡಿತು.

ಅಂದಿನಿಂದ ರಾಗಿ ಇರಲಿ ಬಿಡಲಿ, ಮಿಲ್ಲು ನಿಂತಿಲ್ಲ. ಮುನಿಯಮ್ಮ ನಿಂತೇ ಉಣ್ಣುತ್ತಾಳೆ, ಒಂದು ಕೈ ಸ್ವಿಚ್ಚಿನ ಕಾವಲಿಗೆ. ಸುತ್ತಲ ಊರುಗಳಲ್ಲೂ ಸೈರನ್ ಇಳಿಸಿ ಮಿಲ್ಲು ಹಾಕಿದ್ದಾರೆ. ಎಲ್ಲವೂ ಸುರಕ್ಷತೆಗಾಗಿ ಬರಿದೇ ತಿರುಗುತ್ತಿವೆ. ಅವಕ್ಕೆ ಕರೆಂಟು ಸಾಲದಾಗಿ ಇಲಾಖೆ ಎರಡನೇ ಸ್ಥಾವರಕ್ಕೆ ಜನಾಭಿಪ್ರಾಯ ಕೇಳಿತು. ಆಕ್ಷೇಪಣೆಗಳು ಬರಲಿಲ್ಲ. ಮಿಲ್ಲಿನ ಬಾಗಿಲಿಗೆ ಬಂದ ನಟರಾಜು, ತಮ್ಮದೇನಾದರೂ ಅಭಿಪ್ರಾಯವಿದೆಯೇ ಎಂದು ವಿಚಾರಿಸಿದರು.

"ಒಸಿ ಬಿರ್‍ನೆ ಕಟ್ಸಿ ಸ್ವಾಮಿ" ಎಂದಳು ಮುನಿಯಮ್ಮ.