ನಂಬರು ಬದಲಾದ ಅಪರಾಧಗಳು

ಹೊಳೆನರಸೀಪುರದಲ್ಲಿ ವಕೀಲಿ ಮಾಡುವವನಿಗೆ ನಗುವಿಗೆ ಬರವಿಲ್ಲ. ಅದರಲ್ಲೂ ಹಳೇ ದಂಡ ಸಂಹಿತೆ ಹೋಗಿ ಹೊಸ ನ್ಯಾಯ ಸಂಹಿತೆ ಬಂದು, ನಮಗೆ ಗಿಣಿಪಾಠವಾಗಿದ್ದ ಸೆಕ್ಷನ್ನುಗಳೆಲ್ಲ ಮನೆ ಬದಲಾಯಿಸಿದ ಮೇಲೆ ವಾರಕ್ಕೊಂದಾದರೂ ಪ್ರಸಂಗ ನಡೆಯುತ್ತದೆ.

ಇಳಿದುಹೋದ ಕೇಸು

ಗೊರೂರು ಕಡೆಯ ರೈತರೊಬ್ಬರು ಊದಿದ ಮೊಣಕೈ ಹಿಡಿದುಕೊಂಡು ಬಂದರು. ದಾಯಾದಿ ದೊಣ್ಣೆಯಲ್ಲಿ ಬಾರಿಸಿದ್ದನಂತೆ.

"ತ್ರೀ ನಾಟ್ ಸೆವೆನ್ನೇ ಹಾಕ್ಸಿ ಸಾ!"

ನಮ್ಮ ಕಡೆ ಹೆಂಡತಿಯ ಫೋನ್ ನಂಬರು ಗೊತ್ತಿಲ್ಲದವರಿಗೂ ಸೆಕ್ಷನ್ ನಂಬರು ಗೊತ್ತು. ಕೊಲೆ ಯತ್ನಕ್ಕೆ ಈಗ ನೂರಾ ಒಂಬತ್ತು, ಮೊಣಕೈ ಊತಕ್ಕೆ ಅದು ಬರುವುದೂ ಇಲ್ಲ ಎಂದೆ. ಅವರ ಮುಖ ಸಪ್ಪಗಾಯಿತು.

"ಮುನ್ನೂರ ಏಳು ಇದ್ದಿದ್ದ ನೂರಾ ಒಂಬತ್ತಕ್ಕೆ ಇಳ್ಸ್‌ಬುಟ್ರಾ? ಓಗ್ಲಿ ಬುಡಿ, ಮೂರು ಸಲ ಹಾಕಿ. ಒಸಿ ಎಚ್ಚಾದ್ರೂ ಪರ್ವಾಗಿಲ್ಲ."

ಹಿಸ್ಸೆ

ಶಾಂತಿಗ್ರಾಮದ ಇಬ್ಬರು ಅಣ್ಣತಮ್ಮಂದಿರಿಗೆ ಶಾಂತಿ ಅನ್ನುವುದು ಊರ ಹೆಸರಲ್ಲಿ ಮಾತ್ರ. ಬದುವಿನ ಜಗಳದಲ್ಲಿ ಕಾನೂನು ಬದಲಾಗುವ ಮೊದಲು ಅಣ್ಣ ಹೊಡೆದಿದ್ದ, ಬದಲಾದ ಮೇಲೆ ತಮ್ಮ ತೀರಿಸಿಕೊಂಡ. ಹಳೇ ಏಟಿಗೆ ಹಳೇ ಸಂಹಿತೆ, ಹೊಸ ಏಟಿಗೆ ಹೊಸದು ಎಂದು ಇಬ್ಬರಿಗೂ ವಿವರಿಸಿದೆ. ತಮ್ಮ ತಕ್ಷಣ ತಗಾದೆ ತೆಗೆದ.

"ನೋಡಿ ಸಾ, ಆಸ್ತಿ ಹಿಸ್ಸೇಲಿ ಆದಂಗೇ ಇಲ್ಲೂ ಆಯ್ತು. ಅಪ್ಪನ ಕಾಲದ್ದೆಲ್ಲ ಅವ್ನಿಗೇ!"

ಡೇರಿ ಚುನಾವಣೆ

ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯ ಡೇರಿ ಚುನಾವಣೆಗೆ ನನ್ನ ಕಕ್ಷಿದಾರನೊಬ್ಬ ನಿಂತಿದ್ದ. ಎದುರಾಳಿ ಮನೆಮನೆಗೂ ಹೋಗಿ ಅವನನ್ನು 'ಫೋರ್ ಟ್ವೆಂಟಿ' ಎನ್ನುತ್ತಿದ್ದ. ಮೋಸಗಾರ ಎಂಬ ಆ ಹೆಸರು ಅಳಿಸದಿದ್ದರೆ ಸೋಲು ಖಂಡಿತ, ಸೋತರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಪಾಪ, ಊಟ ನಿದ್ದೆ ಬಿಟ್ಟಿದ್ದ.

"ಸಾ, ಒಸ ಪುಸ್ತಕದಾಗೆ ಫೋರ್ ಟ್ವೆಂಟಿ ಐತಾ?"

"ಇಲ್ಲ. ಮೋಸಕ್ಕೆ ಬೇರೆ ನಂಬರು ಬಂದಿದೆ. ಪುಸ್ತಕ ಮುನ್ನೂರ ಐವತ್ತೆಂಟಕ್ಕೇ ಮುಗಿಯುತ್ತದೆ," ಎಂದೆ.

ಬೇರೆ ನಂಬರು ಬಂದಿದೆ ಅನ್ನುವುದು ಅವನ ಕಿವಿಗೆ ಬೀಳಲೇ ಇಲ್ಲ. ಮರುದಿನ ಅರಳಿಕಟ್ಟೆ ಹತ್ತಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೈಕು ಹಿಡಿದ.

"ಲಾಯರ್ ಸಾಹೇಬ್ರೇ ಏಳವ್ರೆ! ಕಾನೂನು ಪುಸ್ತಕ ಮುನ್ನೂರ ಐವತ್ತೆಂಟಕ್ಕೇ ಮುಗುದೋಯ್ತದೆ. ಫೋರ್ ಟ್ವೆಂಟಿ ಅನ್ನೋದೇ ಇಲ್ಲ ಕಣ್ರಪ್ಪಾ!"

ಜನ ಚಪ್ಪಾಳೆ ತಟ್ಟಿದರು. ಗೆದ್ದೇಬಿಟ್ಟ ಎಂದು ನನಗೂ ಖುಷಿಯಾಯಿತು. ಅವನನ್ನು ಸೋಲಿಸಿದ್ದು ಎದುರಾಳಿಯಲ್ಲ, ಡೇರಿಗೆ ಹಾಲು ಹಾಕುವ ಒಬ್ಬ ಅಜ್ಜಿ. ಕೂತಲ್ಲಿಂದಲೇ ಕೂಗಿದರು:

"ಅಂಗಾದ್ರೆ ನಿನ್ನ ಇಡ್ಯಕ್ಕೆ ಇಡೀ ಪುಸ್ತಕನೂ ಸಾಲ್ನಿಲ್ಲ ಅನ್ನು ಮಗ!"