ತಣ್ಣೀರು ಅವರ ತಿದ್ದುಪಡಿ

ಹೆಂಡತಿ ಪರಪುರುಷನ ಜೊತೆ ನಗುನಗುತ್ತ ಮಾತಾಡಿದರೆ ಗಂಡನಾದವನು ಏನು ಮಾಡಬೇಕೆಂದು ಬುದ್ಧಿ ಹೇಳಲು ನೂರು ಮಂದಿ ಸಿಗುತ್ತಾರೆ. ಅದೇ ಹೆಂಡತಿ ಪರಪುರುಷನೊಬ್ಬನ ಜೊತೆ ದಿನವೂ ಸಂಜೆ ಏಳರಿಂದ ಒಂಬತ್ತರವರೆಗೆ ಜಗಳವಾಡಿದರೆ ಏನು ಮಾಡಬೇಕು? ಈ ವಿಷಯದಲ್ಲಿ ಬುದ್ಧಿ ಹೇಳುವವರು ಥರ್ಮಾಮೀಟರ್ ಪರೀಕ್ಷಕನಿಗೆ ಒಬ್ಬರೂ ಸಿಗಲಿಲ್ಲ.

ಅವನ ಕೆಲಸ ಥರ್ಮಾಮೀಟರುಗಳು ನಿಜ ಹೇಳುತ್ತವೆಯೇ ಎಂದು ನೋಡುವುದು. ಆಸ್ಪತ್ರೆಗಳಿಂದ, ಶೀತಲಗೃಹಗಳಿಂದ ಪೆಟ್ಟಿಗೆಗಟ್ಟಲೆ ಬರುತ್ತವೆ. ಸುಳ್ಳು ಹೇಳುವ ಥರ್ಮಾಮೀಟರನ್ನು ಅವನ ಪ್ರಯೋಗಾಲಯದಲ್ಲಿ ಯಾರೂ ಬೈಯುವುದಿಲ್ಲ, ಎಸೆಯುವುದಿಲ್ಲ. ‘ಈ ಉಪಕರಣ ಸೊನ್ನೆ ದಶಮಾಂಶ ಮೂರು ಡಿಗ್ರಿ ಹೆಚ್ಚು ತೋರಿಸುತ್ತದೆ’ ಎಂದು ತಿದ್ದುಪಡಿ ಚೀಟಿ ಬರೆದು, ಅಂಟಿಸಿ, ಸಹಿ ಹಾಕಿ ಮರ್ಯಾದೆಯಿಂದ ಮನೆಗೆ ಕಳಿಸುತ್ತಾರೆ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದವನಿಗೆ ಮನುಷ್ಯರಿಗೂ ಇಂಥದೊಂದು ಚೀಟಿ ಇದ್ದರೆ ಎಷ್ಟು ಅನುಕೂಲ ಎಂದು ಆಗಾಗ ಅನ್ನಿಸುತ್ತಿತ್ತು. (ತನಗಲ್ಲ. ತಾನು ಸರಿಯಾಗಿಯೇ ತೋರಿಸುತ್ತೇನೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.)

ಜಗಳ ಹುಟ್ಟಿದ್ದು ಹೀಗೆ. ಬಲು ದೂರದ ಎರಡು ದೇಶಗಳು ಒಂದು ಜಲಸಂಧಿಗಾಗಿ ಹೊಡೆದಾಡಿಕೊಂಡವು. ಮನೆ ಕಳೆದುಕೊಂಡ ಜನ ಹಡಗು ಹತ್ತಿ ಸಿಕ್ಕಸಿಕ್ಕ ದೇಶಗಳಿಗೆ ಹೊರಟರು. ಅಂಥವರಲ್ಲಿ ವರ್ಷಕ್ಕೆ ಎಷ್ಟು ಮಂದಿಯನ್ನು ಒಳಗೆ ಬಿಡಬೇಕೆಂದು ಇಲ್ಲಿನ ಸರ್ಕಾರ ಒಂದು ಮಸೂದೆ ತಂದಿತು. ಹೆಂಡತಿಯ ಕೆಲಸ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ. ಅಲ್ಲಿಗೆ ಬರುತ್ತಿದ್ದ ಹೊಸಬರಿಗೆ ಇಲ್ಲಿನ ಅಕ್ಷರ ಓದಲು ಬಾರದು. ಆಕೆ ಪೊಟ್ಟಣದ ಮೇಲೆ ಬೆಳಗ್ಗೆಯ ಮಾತ್ರೆಗೆ ಸೂರ್ಯನನ್ನೂ ರಾತ್ರಿಯ ಮಾತ್ರೆಗೆ ಚಂದ್ರನನ್ನೂ ಬರೆದುಕೊಡುತ್ತಿದ್ದಳು. ಒಂದು ಸಂಜೆ ಮನೆಗೆ ಬಂದವಳೇ ಫೋನು ತೆಗೆದು, ಬಂದವರನ್ನೆಲ್ಲ ಒಳಗೆ ಬಿಡಿ, ಲೆಕ್ಕ ಆಮೇಲೆ ಹಾಕೋಣ ಎಂದು ಜಗತ್ತಿಗೆ ಸಾರಿದಳು. ಮೂರೇ ನಿಮಿಷದಲ್ಲಿ ‘ಗಡಿಕಲ್ಲು’ ಎಂಬ ಹೆಸರಿನವನೊಬ್ಬ ಬಂದು, ಇಲ್ಲಿರುವವರಿಗೆ ಮೊದಲು ಮನೆ ಕೊಡಿ, ಅಲ್ಲಿಯವರೆಗೆ ಒಬ್ಬರೂ ಬೇಡ ಎಂದ. ಅಂದಿನಿಂದ ನಾಲ್ಕು ತಿಂಗಳು ಇಬ್ಬರೂ ಒಂದು ಸಂಜೆಯನ್ನೂ ತಪ್ಪಿಸಿರಲಿಲ್ಲ.

ಪರೀಕ್ಷಕ ಒಂದು ವಾರ ಅಳತೆ ತೆಗೆದ. ಗಡಿಕಲ್ಲಿಗೆ ಆಕೆ ದಿನಕ್ಕೆ ಸರಾಸರಿ ಸಾವಿರದ ಇನ್ನೂರ ನಲವತ್ತು ಪದ ಬರೆಯುತ್ತಿದ್ದಳು. ಗಂಡನಿಗೆ ಸಿಗುತ್ತಿದ್ದದ್ದು ನಲವತ್ತಮೂರು. ಅದರಲ್ಲಿ ಹದಿನೇಳು ‘ಹೂಂ’. ಪ್ರಮಾಣ ಹೋಗಲಿ, ಗುಣಮಟ್ಟವನ್ನಾದರೂ ನೋಡೋಣವೆಂದರೆ ಅದು ಇನ್ನೂ ಘೋರವಾಗಿತ್ತು. ‘ನೀವು ನಿನ್ನೆ ಹೇಳಿದ್ದನ್ನು ಬೆಳಗಿನಿಂದ ಯೋಚಿಸುತ್ತಿದ್ದೆ’ ಎಂದು ಆಕೆ ಗಡಿಕಲ್ಲಿಗೆ ಬರೆದಿದ್ದಳು. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಗಂಡನ ಯಾವ ಮಾತನ್ನೂ ಆಕೆ ಬೆಳಗಿನಿಂದ ಯೋಚಿಸಿದ ದಾಖಲೆ ಇರಲಿಲ್ಲ. ಆ ಸಾಲನ್ನು ಓದಿದಾಗ ಅವನಿಗೆ ಹೊಟ್ಟೆಕಿಚ್ಚು ಹೊತ್ತಿಕೊಂಡಿತು. ಅದರ ಉಷ್ಣತೆ ಅಳೆಯುವ ಉಪಕರಣ ಮಾತ್ರ ಅವನ ಪ್ರಯೋಗಾಲಯದಲ್ಲಿರಲಿಲ್ಲ.

ಅವನು ನೇರ ದಾರಿಯನ್ನೂ ಪ್ರಯತ್ನಿಸಿದ. ಒಂದು ರಾತ್ರಿ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು, “ಈ ಜಲಸಂಧಿ ವಿಷಯದಲ್ಲಿ ನನಗೂ ಒಂದು ಅಭಿಪ್ರಾಯ ಇದೆ” ಎಂದ.

“ಹೌದಾ? ಒಳ್ಳೇದಾಯ್ತು. ಆ ನೀರಿನ ಜಗ್ಗು ಈ ಕಡೆ ತಳ್ಳಿ.”

ಹೆಂಡತಿಯ ತಾಯಿ, ಅಂದರೆ ಅವನ ಅತ್ತೆ, ಆರು ವರ್ಷದಿಂದ ಅದೇ ಮನೆಯಲ್ಲಿದ್ದರು. ಅವರು ತಟ್ಟೆಯಿಂದ ತಲೆಯೆತ್ತದೆ ಮಗಳಿಗೆ ಹೇಳಿದರು: “ಅಳಿಯಂದಿರಿಗೆ ಅಭಿಪ್ರಾಯ ಬಂದಿದೆಯಂತೆ. ಜ್ವರ ಇದೆಯಾ ನೋಡಮ್ಮ.”

ಅಲ್ಲಿಗೆ ನೇರ ದಾರಿ ಮುಚ್ಚಿತು. ಆಗಲೇ ಅವನಿಗೆ ಆ ದಿವ್ಯ ಉಪಾಯ ಹೊಳೆದದ್ದು. ಹೆಂಡತಿಯ ಗಮನ ವಿರೋಧಿಗಳಿಗೇ ಮೀಸಲು ಎಂದಾದರೆ ತಾನೇ ಒಬ್ಬ ವಿರೋಧಿಯಾದರಾಯಿತು. ಗಡಿಕಲ್ಲಿಗಿಂತ ಗಟ್ಟಿ ವಿರೋಧಿ ಸಿಕ್ಕರೆ ಆಕೆ ಗಡಿಕಲ್ಲನ್ನು ಬಿಟ್ಟು ಇತ್ತ ತಿರುಗುತ್ತಾಳೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಅವನು ಹೊಸ ಹೆಸರಿನಲ್ಲಿ ಅವತಾರವೆತ್ತಿದ. ಹೆಸರು ‘ತಣ್ಣೀರು’. ಬಿಸಿಯಾದವರ ಮೇಲೆ ಸುರಿಯುವುದು ಎಂಬ ಅರ್ಥದಲ್ಲಿ.

ತಣ್ಣೀರಿಗೆ ಭಾವನೆಗಳಿರಲಿಲ್ಲ, ಕೋಷ್ಟಕವಿತ್ತು. ಎಲ್ಲರನ್ನೂ ಬಿಡುವುದೂ ತಪ್ಪು, ಯಾರನ್ನೂ ಬಿಡದಿರುವುದೂ ತಪ್ಪು, ಬಂದವರನ್ನು ಅಳೆದು ಬಿಡಬೇಕು ಎಂದು ಅವನು ಏಳು ಕಾಲಮ್ಮಿನ ಪಟ್ಟಿ ಪ್ರಕಟಿಸಿದ. ವಯಸ್ಸಿಗೆ ಇಷ್ಟು ಅಂಕ, ಕಸುಬಿಗೆ ಇಷ್ಟು, ಆರೋಗ್ಯಕ್ಕೆ ಇಷ್ಟು. ಒಟ್ಟು ಸೊನ್ನೆಗಿಂತ ಮೇಲಿದ್ದರೆ ಒಳಗೆ, ಕೆಳಗಿದ್ದರೆ ಹೊರಗೆ. ಬಡಗಿಗೆ ಒಂಬತ್ತು ಬಂತು, ದಾದಿಗೆ ಹತ್ತು ಬಂತು. ಅಜ್ಜಿಯರಿಗೆ ಮೈನಸ್ ಎಂಟು.

ಪರಿಣಾಮ ಅವನ ನಿರೀಕ್ಷೆಯನ್ನೂ ಮೀರಿತ್ತು. ಮಾರನೆಯ ಸಂಜೆ ಹೆಂಡತಿ ಫೋನು ಹಿಡಿದು ಅಡುಗೆಮನೆಗೆ ಬಂದು, ಅವನ ಎದುರಿಗೇ ಸ್ಟೂಲು ಎಳೆದುಕೊಂಡು ಕೂತಳು. ತಣ್ಣೀರು ಎಂಬ ಕಲ್ಲುಹೃದಯದವನ ಕುರಿತು ಮುಕ್ಕಾಲು ಗಂಟೆ ಮಾತಾಡಿದಳು. ಅವನಿಗೆ ಅಮ್ಮ ಅಂತ ಒಬ್ಬಳು ಇದ್ದಳೋ ಇಲ್ಲವೋ, ಕಪಾಟಿನಿಂದ ಇಳಿದು ಬಂದನೋ ಎಂದು ಕೇಳಿದಳು. ಗಂಡ ಲೆಕ್ಕ ಹಾಕುತ್ತಲೇ ಇದ್ದ: ಒಂದೇ ಸಲಕ್ಕೆ ಸುಮಾರು ಮೂರು ಸಾವಿರದ ಆರುನೂರು ಪದ, ಎಲ್ಲವೂ ತನಗೆ, ಒಂದೂ ‘ಹೂಂ’ ಇಲ್ಲ. ಸಂತೋಷದಿಂದ ಅವನ ಕಿವಿ ಕೆಂಪಾಯಿತು. ಅಂಥವರನ್ನು ಸುಮ್ಮನೆ ಬಿಡಬಾರದು ಎಂದು ತಾನೂ ನಾಲ್ಕು ಮಾತು ಸೇರಿಸಿ ತನ್ನನ್ನು ತಾನೇ ಬೈದ.

“ಬಿಡ್ತೀವಾ?” ಎಂದಳು ಹೆಂಡತಿ. “ನಾನೂ ಗಡಿಕಲ್ಲೂ ಸೇರಿ ಉತ್ತರ ಬರೀತಿದ್ದೀವಿ.”

ಅವನ ಕಿವಿಯ ಬಣ್ಣ ಇಳಿಯಿತು. ಗಡಿಕಲ್ಲು ಯಾಕೆ ಎಂದು ಕೇಳಿದ. ಆಕೆ ಓದಿ ಹೇಳಿದಳು. ಯಾರೂ ಬೇಡ ಅಂದರೆ ಅದು ಒಂದು ಮಾತು, ಆದರೆ ಅಜ್ಜಿಯನ್ನು ತಕ್ಕಡಿಗೆ ಹಾಕುವವರ ಜೊತೆ ನನ್ನ ಹೆಸರು ಸೇರಬಾರದು ಎಂದು ಗಡಿಕಲ್ಲು ಬರೆದಿದ್ದನಂತೆ. ಆತ ಬೀಗ ರಿಪೇರಿ ಮಾಡುವವನಂತೆ, ಅವನನ್ನು ಸಾಕಿದ್ದು ಅವನ ಅಜ್ಜಿಯಂತೆ. ನಾಲ್ಕು ತಿಂಗಳ ಯುದ್ಧದಲ್ಲಿ ತಿಳಿಯದೆ ಇದ್ದ ಈ ಸಂಗತಿಗಳೆಲ್ಲ ಒಂದೇ ದಿನದ ಮೈತ್ರಿಯಲ್ಲಿ ಹೊರಬಂದಿದ್ದವು. ಮೊದಲಾದರೆ ಇಬ್ಬರೂ ಜಗಳವಾಡುತ್ತಿದ್ದರು. ಪರೀಕ್ಷಕ ತನ್ನ ಸ್ವಂತ ಖರ್ಚಿನಲ್ಲಿ, ಬೋರಲು ಬಕೆಟ್ಟಿನ ಮೇಲೆ ಕೂತು, ಅವರಿಬ್ಬರಿಗೂ ಸಂಧಿ ಮಾಡಿಸಿದ್ದ. ಈಗ ಆಕೆಯ ಬರಹದಲ್ಲಿ ‘ನೀವು’ ಇದ್ದ ಕಡೆಯಲ್ಲೆಲ್ಲ ‘ನಾವು’ ಬಂದಿತ್ತು.

ಆ ವಾರದ ಗುರುವಾರ ಅವನಿಗೆ ನೆಗಡಿಯಾಗಿ ರಜೆ ಹಾಕಿದ. ಹೆಂಡತಿ ಬೆಳಗಿನ ಪಾಳಿಗೆ ಆರು ಗಂಟೆಗೇ ಆಸ್ಪತ್ರೆಗೆ ಹೋದಳು. ಮನೆಯಲ್ಲಿ ಉಳಿದದ್ದು ಅವನು, ಅತ್ತೆ, ಶಾಲೆಗೆ ಹೊರಡಬೇಕಾದ ಪುಟ್ಟ ಮಗಳು, ಮತ್ತು ಅವನ ತಲೆಯೊಳಗಿನ ಮೈನಸ್ ಎಂಟು. ಆ ಅಂಕವನ್ನು ಅವನು ಅಂದಾಜಿನಲ್ಲಿ ಹಾಕಿದ್ದ, ಅಳೆದು ಹಾಕಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವನು ಮಾಡದ ಕೆಲಸ ಅದು, ಅದೂ ಹೊಟ್ಟೆಕಿಚ್ಚಿನಲ್ಲಿ ಮಾಡಿದ್ದು. ಸೋಫಾದ ಮೇಲೆ ಕಂಬಳಿ ಹೊದ್ದು ಕೂತವನು ಎರಡು ಹಾಳೆ ತೆಗೆದುಕೊಂಡು, ಒಂದರಲ್ಲಿ ಕೆಲಸ, ಇನ್ನೊಂದರಲ್ಲಿ ಬಿಡುವು ಎಂದು ಅತ್ತೆಯ ದಿನವನ್ನು ಗುರುತು ಹಾಕತೊಡಗಿದ.

ಅತ್ತೆ ಮೊಮ್ಮಗಳನ್ನು ಶಾಲೆಗೆ ಕಳಿಸಿದರು, ಮಧ್ಯಾಹ್ನ ಕರೆತಂದರು, ಮಗ್ಗಿ ಹೇಳಿಸಿದರು, ಎಲ್ಲರ ಬಟ್ಟೆ ಮಡಿಚಿದರು, ನೆಗಡಿಯಾದ ಅಳಿಯನಿಗೆ ಎರಡು ಸಲ ಬಿಸಿನೀರು ತಂದಿಟ್ಟರು. ಸಂಜೆ ಕೂಡಿ ನೋಡಿದರೆ ಐದು ಗಂಟೆ ನಲವತ್ತು ನಿಮಿಷದ ಕೆಲಸ. ವಾರಕ್ಕೆ ಮೂವತ್ತೊಂಬತ್ತು ಗಂಟೆ ನಲವತ್ತು ನಿಮಿಷ. ಅಂದರೆ ಒಬ್ಬ ಪೂರ್ಣಾವಧಿ ನೌಕರ. ಈ ಅಜ್ಜಿ ಇಲ್ಲದಿದ್ದರೆ ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕಿತ್ತು. ಅವನು ಹೊಸದಾಗಿ ಲೆಕ್ಕ ಹಾಕಿದ. ಎರಡು ಸಲ ತಾಳೆ ನೋಡಿದ. ಉತ್ತರ ಎರಡು ಸಲವೂ ಒಂದೇ: ಪ್ಲಸ್ ಹನ್ನೊಂದು. ಇಡೀ ಕೋಷ್ಟಕದಲ್ಲಿ ಎಲ್ಲರಿಗಿಂತ ಹೆಚ್ಚು.

ತಪ್ಪು ಕಂಡ ಮೇಲೆ ಅವನ ಕೈಗೆ ಸುಮ್ಮನಿರಲು ಬರುವುದಿಲ್ಲ. ಆ ಸಂಜೆ ಬಚ್ಚಲುಮನೆಯಿಂದ ತಣ್ಣೀರು ಒಂದು ಚೀಟಿ ಹೊರಡಿಸಿದ. ‘ತಿದ್ದುಪಡಿ. ಅಜ್ಜಿಯರಿಗೆ ಮೈನಸ್ ಎಂಟು ಎಂದು ಬರೆದದ್ದು ತಪ್ಪು. ಅಳೆಯದೆ ಬರೆದಿದ್ದೆ. ಈಗ ಅಳೆದಿದ್ದೇನೆ. ಸರಿಯಾದ ಅಂಕ ಪ್ಲಸ್ ಹನ್ನೊಂದು. ಕೋಷ್ಟಕದ ಉಳಿದ ಭಾಗದ ಮೇಲೂ ನನಗೆ ನಂಬಿಕೆ ಹೋಗಿದೆ. ಕ್ಷಮಿಸಿ.’

ಇಂಥದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಯುದ್ಧದ ಎರಡೂ ಕಡೆಯವರು, ಮಸೂದೆಯ ಮೂರೂ ಕಡೆಯವರು ಒಂದು ಗಳಿಗೆ ಬೈಯುವುದನ್ನು ನಿಲ್ಲಿಸಿದರು. ಗಡಿಕಲ್ಲು, ಇಷ್ಟು ವರ್ಷದಿಂದ ಇಲ್ಲಿ ಕಿತ್ತಾಡುತ್ತಿದ್ದೇನೆ, ತಪ್ಪಾಯಿತು ಅಂದ ಮೊದಲನೆಯ ಮನುಷ್ಯನನ್ನು ಇವತ್ತು ಕಂಡೆ ಎಂದು ಬರೆದ. ಶುಕ್ರವಾರ ಬೆಳಗ್ಗೆಯ ಹೊತ್ತಿಗೆ ಎರಡು ಸಾವಿರದ ಮುನ್ನೂರು ಮಂದಿ ತಣ್ಣೀರನ್ನು ಮೆಚ್ಚಿದ್ದರು.

ಎರಡು ಸಾವಿರದ ಮುನ್ನೂರರಲ್ಲಿ ಹೆಂಡತಿಯೂ ಒಬ್ಬಳು. ಆಕೆ ಆ ಚೀಟಿಯನ್ನು ಬೆಳಗಿನ ಚಹಾದ ಮುಂದೆ ಗಟ್ಟಿಯಾಗಿ ಓದಿದಳು. ಶನಿವಾರ ಮತ್ತೆ ಓದಿದಳು. ಮೂರನೆಯ ಸಲ ಓದುವಾಗ ಕನ್ನಡಕ ತೆಗೆದು ಒರೆಸಿಕೊಂಡಳು.

“ಅವರ ಹೆಂಡತಿ ಪುಣ್ಯವಂತೆ ಕಣ್ರೀ” ಎಂದಳು.

ಅವನು ತಲೆ ತಗ್ಗಿಸಿ ಚಹಾ ಕಲಕಿದ. (ಸಕ್ಕರೆ ಹಾಕಿರಲಿಲ್ಲ.)

“ತಪ್ಪು ಅಂತ ಗೊತ್ತಾದ ತಕ್ಷಣ ಒಪ್ಕೊಂಡ್ರು. ನೀವು? ಮೊನ್ನೆ ಗೀಸರ್ ಆರಿಸದೆ ಹೋಗಿದ್ದು ಯಾರು ಅಂದ್ರೆ, ಸ್ವಿಚ್ಚು ಸಡಿಲ ಅಂದ್ರಿ. ಮದುವೆ ದಿನ ತಡವಾಗಿ ಬಂದಿದ್ದು ಯಾಕೆ ಅಂದ್ರೆ, ಇವತ್ತಿಗೂ ಗಡಿಯಾರದ ತಪ್ಪು ಅಂತೀರಿ.”

ಗಡಿಯಾರದ್ದೇ ತಪ್ಪು, ಅದು ಏಳು ನಿಮಿಷ ಹಿಂದಿತ್ತು ಎಂದು ಅವನು ಹೇಳಿದ. ಆಕೆ ಅವನನ್ನು ಒಮ್ಮೆ ನೋಡಿ, ಫೋನಿನತ್ತ ತಿರುಗಿ, ತಣ್ಣೀರು ಅವರಿಗೆ ಉದ್ದನೆಯ ಉತ್ತರ ಬರೆಯಲು ಶುರುಮಾಡಿದಳು. ‘ನಿಮ್ಮ ಮಾತು ನನ್ನನ್ನು ಎರಡು ದಿನದಿಂದ ಕಾಡುತ್ತಿದೆ’ ಎಂಬುದು ಅದರ ಮೊದಲ ಸಾಲು.

ಗಡಿಕಲ್ಲಿನ ಮೇಲಿನ ಹೊಟ್ಟೆಕಿಚ್ಚು ಬರೀ ಬೆಚ್ಚಗಿನದು ಎಂದು ಅವನಿಗೆ ಆಗ ಗೊತ್ತಾಯಿತು. ತಣ್ಣೀರಿನ ಮೇಲೆ ಬಂದದ್ದು ಕುದಿಯುವಂಥದು. ಅವನಿಗೂ ತಣ್ಣೀರಿಗೂ ಒಂದೇ ಮೆದುಳು, ಒಂದೇ ಹೆಬ್ಬೆರಳು. ಆದರೆ ಆ ಭೂಪನಿಗೆ ಗೀಸರ್ ಇಲ್ಲ, ಗಡಿಯಾರ ಇಲ್ಲ, ಗೊರಕೆ ಇಲ್ಲ. ಬದುಕಿರುವ ಗಂಡನೊಬ್ಬ ಅಂಥವನ ಜೊತೆ ಹೇಗೆ ಸ್ಪರ್ಧೆ ಮಾಡಬೇಕು? ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಅವನು ಬಚ್ಚಲುಮನೆಗೆ ಹೋದ. ತಣ್ಣೀರಿನ ಖಾತೆಯನ್ನು ಬುಡಸಮೇತ ಅಳಿಸಿಹಾಕಿದ. ಖಾತರಿಯಾಗಲು ಫೋನಿನಲ್ಲಿದ್ದ ಕರಡುಗಳನ್ನೂ ಅಳಿಸಿದ. ಹೊರಬಂದಾಗ ಮನಸ್ಸು ಹಗುರಾಗಿತ್ತು.

ನಾಲ್ಕು ಗಂಟೆಗೆ ಹೆಂಡತಿ ನಡುಮನೆಗೆ ಬಂದಳು. ಮುಖ ಸಪ್ಪಗಾಗಿತ್ತು. ತಣ್ಣೀರು ಇಲ್ಲ, ಹೋಗಿಬಿಟ್ಟರು, ಜನ ಕಾಟ ಕೊಟ್ಟು ಓಡಿಸಿರಬೇಕು ಎಂದಳು. ಗಡಿಕಲ್ಲು ಆಗಲೇ ಸ್ಮರಣೆಯ ಲೇಖನ ಬರೆಯತೊಡಗಿದ್ದಾನಂತೆ. ತಾನೂ ಬರೆಯಬೇಕು ಎಂದು ಆಕೆ ಕಣ್ಣು ಒರೆಸಿಕೊಂಡಳು. ಹೋದವನ ಜೊತೆ ಸ್ಪರ್ಧೆ ಇನ್ನೂ ಕಷ್ಟವೆಂಬುದು ಅವನಿಗೆ ಹೊಳೆದದ್ದು ಆಗ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಒಂದು ತಪ್ಪನ್ನು ಒಪ್ಪಿಕೊಳ್ಳಲು ನಿರ್ಧರಿಸಿದ.

“ಅಳಬೇಡ. ತಣ್ಣೀರು ಅಂದ್ರೆ ನಾನೇ.”

ಹೆಂಡತಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರಬೇಕು ರೀ.”

ಅವನು ಆಣೆ ಮಾಡಿದ. ತಿದ್ದುಪಡಿಯನ್ನು ಬಾಯಿಪಾಠ ಒಪ್ಪಿಸಿದ; ತಾನೇ ಮೂರು ಸಲ ಓದಿ ಹೇಳಿದ್ದೇನೆ ಎಂದು ಆಕೆ ನೆನಪಿಸಿದಳು. ಖಾತೆ ತೋರಿಸಿ ಎಂದಳು. ಮಧ್ಯಾಹ್ನವಷ್ಟೇ ಅಳಿಸಿದೆ ಎಂದ. ಕರಡುಗಳೋ? ಅವನ್ನೂ ಅಳಿಸಿದೆ ಎಂದ. ಆಗ ಅತ್ತೆ ತಮ್ಮ ಕೋಣೆಯಿಂದ ಹೊರಬಂದು, ತಾನು ಬಾಯಿ ಬಿಡಬಾರದೆಂದಿದ್ದೆ, ಆದರೆ ಅಳಿಯಂದಿರು ಒಂದು ವಾರದಿಂದ ದಿನಾ ಸಂಜೆ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಫೋನು ಒತ್ತುವುದು ನಿಜ ಎಂದರು. ಸಾಕ್ಷಿ ಸಿಕ್ಕಿತೆಂದು ಪರೀಕ್ಷಕನ ಮುಖ ಅರಳಿತು.

“ಒಗೆಯೋಕೆ ಹಾಕಿದ ಪ್ಯಾಂಟಿನ ಜೇಬಲ್ಲಿ ಇದೂ ಇತ್ತು” ಎಂದು ಅತ್ತೆ ಮಡಿಚಿದ ಹಾಳೆಯೊಂದನ್ನು ಮಗಳ ಕೈಗೆ ಕೊಟ್ಟರು.

ಹೆಂಡತಿ ನಿಧಾನವಾಗಿ ಓದಿದಳು. “ಆರು ಹತ್ತು, ಎಚ್ಚರ. ಆರು ನಲವತ್ತು, ತಲೆ ಬಾಚುವುದು. ಹನ್ನೊಂದು ಇಪ್ಪತ್ತು, ಕಿಟಕಿಯ ಬಳಿ, ಹಾಡು ಗುನುಗುವುದು. ಎರಡು ಐದು, ಸಣ್ಣ ನಿದ್ದೆ, ಇಪ್ಪತ್ತೆರಡು ನಿಮಿಷ, ಮುಖ ಶಾಂತ.”

ಅದು ನಿಮ್ಮಮ್ಮ, ಗುರುವಾರ ಇಡೀ ದಿನ ಅವರನ್ನು ಅಳೆದೆ ಎಂದು ಅವನು ಬಡಬಡಿಸಿದ. ಮಗಳು ತಾಯಿಯ ಕಡೆ ನೋಡಿದಳು. ಅತ್ತೆ ಸೆರಗು ಸರಿಮಾಡಿಕೊಂಡರು.

“ನಾನು ಗುನುಗೋದಿಲ್ಲ. ಮಧ್ಯಾಹ್ನ ಮಲಗೋ ಅಭ್ಯಾಸವಂತೂ ನನಗೆ ಹುಟ್ಟಿದಾಗಿನಿಂದ ಇಲ್ಲ.”

ಹೆಂಡತಿ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು. ಅದು ಎರಡು ಸಲ ಗುಂಯ್‌ಗುಟ್ಟಿತು. ಗಡಿಕಲ್ಲು ಲೇಖನ ಕಳಿಸಿರಬೇಕು. ಆಕೆ ಅತ್ತ ನೋಡಲೂ ಇಲ್ಲ. ಕುರ್ಚಿಯನ್ನು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಗಲ್ಲಕ್ಕೆ ಕೈಯಿಟ್ಟು, ಅವನ ಕಣ್ಣುಗಳನ್ನೇ ನೋಡುತ್ತ ಕೂತಳು.

“ಯಾರವಳು? ಮೊದಲಿಂದ ಹೇಳಿ. ಒಂದೂ ಬಿಡಬೇಡಿ.”

ಹೇಳಬೇಕಾದ ನಿಜವನ್ನೆಲ್ಲ ಅವನು ಆಗಲೇ ಹೇಳಿ ಮುಗಿಸಿದ್ದ. ಆದರೆ ಆಕೆ ಕಾಯುತ್ತಿದ್ದಳು. ನಾಲ್ಕು ತಿಂಗಳಾದ ಮೇಲೆ, ಜಲಸಂಧಿ, ಮಸೂದೆ, ಗಡಿ ಎಲ್ಲವನ್ನೂ ಬಿಟ್ಟು, ಅವನ ಬಾಯಿಂದ ಬರುವ ಮುಂದಿನ ಮಾತಿಗಾಗಿ ಕಾಯುತ್ತಿದ್ದಳು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಊಟದ ಹೊತ್ತಿಗೆ ಬೇಕಾದಷ್ಟು ಸಮಯವಿತ್ತು.

“ಅದು ಸ್ವಲ್ಪ ದೊಡ್ಡ ಕಥೆ” ಎಂದ ಪರೀಕ್ಷಕ.

ಅತ್ತೆಯೂ ಒಂದು ಕುರ್ಚಿ ಎಳೆದುಕೊಂಡರು.